ಐದು ಲೀಟರು, ಒಂದು ಕಂಬಳಿ

ಜುಂಜಣ್ಣನ ಎಡ ಪಕ್ಕೆಯಲ್ಲಿ ಹುರುಳಿಕಾಳಿನಷ್ಟು ಕಲ್ಲೊಂದು ಕೂತಿದೆ ಎಂದು ಸ್ಕ್ಯಾನಿಂಗಿನಲ್ಲಿ ಗೊತ್ತಾದ ದಿನ, ದುರ್ಗದ ಡಾಕ್ಟರೊಬ್ಬರು ಅವನಿಗೆ ಕೊಟ್ಟ ಸಲಹೆ ಮೂರೇ ಮಾತಿನದು. "ನೀರು ಜಾಸ್ತಿ ಕುಡೀರಿ" ಎಂದರು.

"ಜಾಸ್ತಿ ಅಂದ್ರೆ ಎಷ್ಟು ಸಾರ್?" ಎಂದು ಜುಂಜಣ್ಣ ಕೇಳಿದ. ಕೇಳುವ ಹೊತ್ತಿಗೆ ಮುಂದಿನ ಪೇಷಂಟು ಒಳಗೆ ನುಗ್ಗಿ, ಅರ್ಧ ಸ್ಟೂಲನ್ನು ಆಕ್ರಮಿಸಿಕೊಂಡು, ನಾಲಗೆಯನ್ನು ಉದ್ದಕ್ಕೆ ಚಾಚಿ ತೋರಿಸುತ್ತಿದ್ದ. ಡಾಕ್ಟರು ಆ ನಾಲಗೆಯನ್ನೇ ನೋಡುತ್ತ "ಚೆನ್ನಾಗಿ ಕುಡೀರಿ" ಎಂದರು. ಅದು ತನಗೆ ಹೇಳಿದ್ದೋ ನಾಲಗೆಯವನಿಗೆ ಹೇಳಿದ್ದೋ ತಿಳಿಯದೆ ಜುಂಜಣ್ಣ ಹೊರಗೆ ಬಂದ.

ಇನ್ನೊಬ್ಬನಾಗಿದ್ದರೆ ವಾಪಸ್ ಹೋಗಿ ಕೇಳುತ್ತಿದ್ದ. ಜುಂಜಣ್ಣ ಅಂಥ ಧೈರ್ಯಸ್ಥನಲ್ಲ. ಐವತ್ತಾರು ವರ್ಷದ ಬದುಕಿನಲ್ಲಿ ಯಾರನ್ನೂ ಎರಡನೇ ಸಲ ಏನನ್ನೂ ಕೇಳಿದವನಲ್ಲ, ಯಾರು ಏನು ಹೇಳಿದರೂ ಇಲ್ಲ ಎಂದವನಲ್ಲ. ಹೊಳಲ್ಕೆರೆ ಕಡೆಯ ಒಂದು ಪಶು ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಅಟೆಂಡರ್. ಒಮ್ಮೆ ಇಂಜೆಕ್ಷನ್ನಿಗೆ ಬಂದ ಹೋರಿಯೊಂದು ಅವನ ಪಾದದ ಮೇಲೆ ಗೊರಸಿಟ್ಟು ಹತ್ತು ನಿಮಿಷ ನಿಂತಿತ್ತು. ಹೋರಿಯ ಯಜಮಾನ ಗಾಬರಿಯಾಗಿ ಎಳೆಯಹೋದರೆ ಈ ಮಹಾನುಭಾವ "ಆಗ್ಲಿ ಬಿಡ್ರಿ, ಅದಕ್ಕೇನು ಗೊತ್ತಾಗ್ತೈತೆ" ಎಂದಿದ್ದ. ಆಗ್ಲಿ ಬಿಡ್ರಿ ಎನ್ನುವುದು ಅವನ ಖಾಯಂ ಮಾತು. ಹೆಂಡತಿ ಯಲ್ಲಕ್ಕ ಹೇಳುವ ಪ್ರಕಾರ, ಮದುವೆ ದಿನ ಅವನು ಅವಳೊಂದಿಗೆ ಆಡಿದ ಮೊದಲ ಮಾತೂ ಅದೇ.

ಡಾಕ್ಟರು ಹೇಳದೇ ಬಿಟ್ಟ ಲೆಕ್ಕವನ್ನು ಜುಂಜಣ್ಣ ಊರನ್ನೆಲ್ಲ ಕೇಳುತ್ತ ಬಂದ. ಬಸ್ಸಿನ ಕಂಡಕ್ಟರು ಎರಡು ಲೀಟರ್ ಎಂದ. ಮೆಡಿಕಲ್ ಶಾಪಿನವನು ಮೂರು ಎಂದ. ಪಕ್ಕದ ಮನೆಯ ಚಿತ್ರಲಿಂಗಪ್ಪ, ರಿಟೈರಾದ ಡ್ರಿಲ್ ಮಾಸ್ಟರು, ಕೊರಳಲ್ಲಿ ಈಗಲೂ ಸೀಟಿ ತೂಗುಹಾಕಿಕೊಂಡು ಓಡಾಡುವ ಮನುಷ್ಯ, ಬೆಳಗೆದ್ದು ಬರೀ ಹೊಟ್ಟೆಗೇ ಒಂದೂವರೆ ಲೀಟರ್ ಇಳಿಸಬೇಕು, ಆಮೇಲಿನದು ಆಮೇಲೆ ಎಂದರು. ಯಲ್ಲಕ್ಕನನ್ನು ಕೇಳಿದರೆ, "ಬಾಯಾರಿದಾಗ ಕುಡೀರಿ, ಬಾಯಾರಿಕೆ ಹೋದ್ಮೇಲೆ ನಿಲ್ಸ್ರಿ. ಇದಕ್ಕೂ ಒಬ್ಬ ಡಾಕ್ಟ್ರು ಬೇಕಾ?" ಎಂದು ರೊಟ್ಟಿ ತಟ್ಟತೊಡಗಿದಳು. ಇದು ತೀರಾ ಸುಲಭದ ಉತ್ತರವಾದ್ದರಿಂದ ಜುಂಜಣ್ಣನಿಗೆ ಸರಿಯಿರಲಾರದು ಅನಿಸಿತು.

ಕೊನೆಗೆ ಉತ್ತರ ಸಿಕ್ಕಿದ್ದು ಪಶು ಆಸ್ಪತ್ರೆಯ ಗೋಡೆಯ ಮೇಲೆ. ತಾನೇ ಹನ್ನೊಂದು ವರ್ಷದ ಹಿಂದೆ ಮೊಳೆ ಹೊಡೆದು ತೂಗುಹಾಕಿದ್ದ ಹಳೆಯ ಪಟ ಅದು: ಬೇಸಿಗೆಯಲ್ಲಿ ಜಾನುವಾರುಗಳಿಗೆ ನೀರು. ಎಮ್ಮೆಗೆ ದಿನಕ್ಕೆ ಅರವತ್ತು ಲೀಟರ್, ಹಸುವಿಗೆ ಐವತ್ತು, ಕುರಿ ಮೇಕೆಗೆ ಐದು, ಕೋಳಿಗೆ ಕಾಲು ಲೀಟರ್. ಮನುಷ್ಯನ ಸಾಲು ಅದರಲ್ಲಿರಲಿಲ್ಲ. ಜುಂಜಣ್ಣ ಯಾರೂ ಇಲ್ಲದ ಹೊತ್ತು ನೋಡಿ ಕುರಿ ತೂಗುವ ತಕ್ಕಡಿಯ ಮೇಲೆ ಹತ್ತಿ ನಿಂತ. ಅರವತ್ತೊಂದು ಕೆ.ಜಿ. ಎಮ್ಮೆಗೆ ತುಂಬ ದೂರ, ಕೋಳಿಗೂ ದೂರ, ಒಳ್ಳೇ ಟಗರಿಗೆ ಹೆಚ್ಚುಕಮ್ಮಿ ಹತ್ತಿರ. ಅಲ್ಲದೆ ಅವನದು ತಲೆತಲಾಂತರದಿಂದ ಕುರಿ ಕಾದ ಮನೆತನ. ಕುರಿಗಳ ಹಾಲು ಕುಡಿದು, ಕುರಿಗಳ ಉಣ್ಣೆ ಹೊದ್ದು ಬೆಳೆದವನು ಕುರಿಗಳ ಲೆಕ್ಕದಲ್ಲಿ ನೀರು ಕುಡಿದರೆ ಯಾವ ಶಾಸ್ತ್ರಕ್ಕೂ ವಿರೋಧವಿಲ್ಲ ಎಂದು ಅವನು ತೀರ್ಮಾನಿಸಿದ.

"ಐದು ಲೀಟರ್" ಎಂದು ಚಿತ್ರಲಿಂಗಪ್ಪನಿಗೆ ಹೇಳಿದಾಗ ಅವರು ಸೀಟಿ ಊದುವುದೊಂದು ಬಾಕಿ. "ಶಭಾಷ್. ಯಾವ ಡಾಕ್ಟ್ರು ಹೇಳಿದ್ದು?"

"ನಮ್ಮ ಆಸ್ಪತ್ರೇಲೇ ಐತೆ ಸಾರ್, ಗೋಡೆ ಮೇಲೆ."

ಗೋಡೆಯ ಮೇಲೆ ಬರೆದದ್ದು ಸುಳ್ಳಾಗುವುದುಂಟೇ? ಚಿತ್ರಲಿಂಗಪ್ಪ ಅವನ ಫೋನು ಇಸಿದುಕೊಂಡು ಅದೇನೋ ಒತ್ತಿ, ಗಂಟೆಗೊಂದು ಸಲ ಅದರೊಳಗಿಂದ ಒಬ್ಬ ಹೆಂಗಸು "ನೀರು ಕುಡಿಯುವ ಸಮಯವಾಗಿದೆ" ಎಂದು ಕೂಗುವಂತೆ ಮಾಡಿಕೊಟ್ಟರು. ಹೇಗೆ ನಿಲ್ಲಿಸುವುದು ಎಂದು ಹೇಳಿಕೊಡಲಿಲ್ಲ. ಜುಂಜಣ್ಣನೂ ಕೇಳಲಿಲ್ಲ.

ಐದು ಲೀಟರು ನೀರು ಒಳಗೆ ಹೋದ ಮೇಲೆ ಸುಮ್ಮನೆ ಕೂರುವ ಪದಾರ್ಥವಲ್ಲ. ಮೂರು ವಾರದಲ್ಲಿ ಜುಂಜಣ್ಣ ಬೇರೆಯೇ ಮನುಷ್ಯನಾದ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಎಮ್ಮೆಯ ಕೊಂಬು ಹಿಡಿದು ನಿಂತವನು ಅರ್ಧದಲ್ಲಿ ಕೈಬಿಟ್ಟು ಓಡುತ್ತಿದ್ದ, ಎಮ್ಮೆ ಅವನ ಹಿಂದೆ ಓಡುತ್ತಿತ್ತು, ಎಮ್ಮೆಯ ಹಿಂದೆ ಡಾಕ್ಟರಮ್ಮ ಸಿರಿಂಜು ಹಿಡಿದು ಓಡುತ್ತಿದ್ದರು. ಮನೆಯಿಂದ ಆಸ್ಪತ್ರೆಯವರೆಗೆ ಎರಡು ಕಿಲೋಮೀಟರ್ ದಾರಿಯಲ್ಲಿ ಯಾವ ಲಂಟಾನ ಪೊದೆ ಎಷ್ಟು ಎತ್ತರ ಎಂದು ಕಣ್ಣುಮುಚ್ಚಿ ಹೇಳಬಲ್ಲವನಾದ. ಬಸ್ಸು ಹತ್ತುವುದನ್ನಂತೂ ಪೂರ್ತಿ ಬಿಟ್ಟ. ಕಲ್ಲು ಇಳಿಯಿತೋ ಇಲ್ಲವೋ ಗೊತ್ತಿಲ್ಲ, ಮನುಷ್ಯ ಮಾತ್ರ ನಾಲ್ಕು ಕೆ.ಜಿ. ಇಳಿದ.

ಇಂಥ ಸ್ಥಿತಿಯಲ್ಲಿ ಮಗಳ ಮದುವೆಯ ಮಾತುಕತೆ ಬಂತು.

ಮಗಳು ಕಾವ್ಯಶ್ರೀ ದುರ್ಗದ ಒಂದು ಆಸ್ಪತ್ರೆಯಲ್ಲಿ ರಕ್ತ ಮೂತ್ರ ಪರೀಕ್ಷೆ ಮಾಡುವ ಲ್ಯಾಬಿನ ಕೆಲಸದಲ್ಲಿದ್ದಳು. ದಿನಾ ಏಳೂವರೆ ಬಸ್ಸಿಗೆ ಹೋಗಿ ಸಂಜೆ ಆರರ ಬಸ್ಸಿಗೆ ಬರುವವಳು. ಆ ಕೆಲಸ ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಒಂದು ವರ್ಷ ಬರೀ ಗಾಜಿನ ನಳಿಗೆ ತೊಳೆದು, ಆಮೇಲೆ ಸೂಜಿ ಹಿಡಿದವಳು. ಹುಡುಗ ದಯಾನಂದ ಹಿರಿಯೂರಿನ ಕಡೆಯವನು, ಕರೆಂಟ್ ಲೈನ್‌ಮನ್. ಒಂದು ಸಲ ಜ್ವರ ಬಂದು ರಕ್ತ ಕೊಡಲು ಅದೇ ಲ್ಯಾಬಿಗೆ ಹೋಗಿದ್ದ. ದಿನವೂ ಮೂವತ್ತಡಿ ಕಂಬ ಹತ್ತುವವನು ಕಾವ್ಯಶ್ರೀಯ ಕೈಲಿದ್ದ ಸೂಜಿ ಕಂಡು ಕಣ್ಣು ಮುಚ್ಚಿ ದೇವರ ಹೆಸರು ಹೇಳಿದನಂತೆ. ಅವಳಿಗೆ ನಗು ಬಂತು. ಮುಂದಿನದನ್ನು ಎರಡೂ ಮನೆಯ ಹಿರಿಯರಿಗೆ ಒಪ್ಪಿಸಿದರು.

ಹಿರಿಯರು ಬರುವ ಎರಡು ದಿನ ಮುಂಚೆ ಕಾವ್ಯಶ್ರೀ ಅಪ್ಪನ ಎದುರು ಬಂದು ಕೂತಳು.

"ಅಪ್ಪ, ಒಂದೇ ಒಂದು ವಿಷ್ಯ ನೀನು ಹೇಳ್ಬೇಕು. ಮದ್ವೆ ಆದ್ಮೇಲೂ ನಾನು ಲ್ಯಾಬಿಗೆ ಹೋಗ್ತೀನಿ. ಹಿರಿಯೂರಿಂದ ಬಸ್ಸು ಬೇಕಾದಷ್ಟು ಅವೆ. ಕೆಲ್ಸ ಬಿಡು ಅಂದ್ರೆ ಈ ಮದ್ವೆ ಬ್ಯಾಡ."

"ಹುಡುಗ ಒಳ್ಳೇನಲ್ವೇನವ್ವ?"

"ಒಳ್ಳೇನೇ. ನಂಗೂ ಇಷ್ಟಾನೇ. ಆದ್ರೂ ಬ್ಯಾಡ."

"ಅವ್ನಿಗೇ ಹೇಳ್ಬಾರ್ದಾ?"

"ಹೇಳಿದೀನಿ, ಹೂಂ ಅಂದಿದಾನೆ. ಆದ್ರೆ ಅವ್ರಪ್ಪನ ಮುಂದೆ ಅವ್ನೂ ನಿನ್ನಂಗೇ. ಅಲ್ಲಿ ಕುಂತು ನೀನು ಆಗ್ಲಿ ಬಿಡ್ರಿ ಅಂದ್ಬಿಟ್ರೆ ನನ್ನ ಕಥೆ ಮುಗೀತು ಅಪ್ಪ."

ಜುಂಜಣ್ಣನಿಗೆ ಇರುವವಳು ಒಬ್ಬಳೇ ಮಗಳು. ಅವಳು ಅವನನ್ನು ಏನನ್ನಾದರೂ ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು. "ಹೇಳ್ತೀನಿ ಕಣವ್ವ" ಎಂದ. ಎನ್ನುವಷ್ಟರಲ್ಲಿ ಫೋನಿನ ಹೆಂಗಸು ಕೂಗಿದಳು, ಅವನು ಎದ್ದು ಬಿಂದಿಗೆಯತ್ತ ಹೋದ. ಕಾವ್ಯಶ್ರೀ ಹಣೆ ಚಚ್ಚಿಕೊಂಡಳು.

ಅವರ ಕಡೆ ಮದುವೆ ಮಾತು ನಡೆಯುವುದು ಕಂಬಳಿಯ ಮೇಲೆ. ಪಡಸಾಲೆಯಲ್ಲಿ ಕರಿ ಕಂಬಳಿ ಹಾಸಿ, ಹೆಣ್ಣಿನ ಅಪ್ಪ ಗಂಡಿನ ಅಪ್ಪ ಎದುರುಬದುರು ಕೂರುತ್ತಾರೆ. ನಡುವೆ ವೀಳ್ಯದ ತಟ್ಟೆ. ಮಾತು ಮುಗಿದು ವೀಳ್ಯ ಕೈ ಬದಲಾಗುವ ತನಕ ಇಬ್ಬರೂ ಏಳುವ ಹಾಗಿಲ್ಲ. ಯಾರಾದರೂ ಎದ್ದರೆಂದರೆ ಆಗ ನಡೆಯುತ್ತಿದ್ದ ಮಾತು ಅವರಿಗೆ ಒಪ್ಪಿಗೆಯಿಲ್ಲ ಎಂದೇ ಅರ್ಥ. ಎದುರಿನವರು ಮಾತು ಬದಲಾಯಿಸಬೇಕು, ಇಲ್ಲವೇ ಕಂಬಳಿ ಮಡಚಬೇಕು. ಬಾಯಲ್ಲಿ ಇಲ್ಲ ಎಂದು ಹೇಳಿ ನೆಂಟಸ್ತಿಕೆ ಕೆಡಿಸಿಕೊಳ್ಳುವುದು ಬೇಡವೆಂದು ಹಿರಿಯರು ಮಾಡಿಟ್ಟ ಮರ್ಯಾದೆಯ ದಾರಿ ಇದು. ಇದನ್ನು ಮಾಡಿಟ್ಟ ಹಿರಿಯರು ಯಾರೂ ದಿನಕ್ಕೆ ಐದು ಲೀಟರು ನೀರು ಕುಡಿಯುತ್ತಿರಲಿಲ್ಲ.

ಗಂಡಿನ ಅಪ್ಪ ಮುದ್ದಪ್ಪನ ಬಗ್ಗೆ ಮೊದಲೇ ಸುದ್ದಿ ಬಂದಿತ್ತು. ಇನ್ನೂರು ಕುರಿಯ ಯಜಮಾನ, ಮಾತು ಕಡಿಮೆ, ಮೀಸೆ ಜಾಸ್ತಿ. ಯಾವುದೋ ನ್ಯಾಯದಲ್ಲಿ ಕಂಬಳಿ ಮೇಲೆ ಚೇಳು ಹರಿದರೂ ಎದ್ದಿರಲಿಲ್ಲವಂತೆ. ಚೇಳೇ ಎದ್ದು ಹೋಯಿತಂತೆ. ಈ ಕಥೆ ಕೇಳಿದ ಯಲ್ಲಕ್ಕ ಗಂಡನಿಗೆ ಕಟ್ಟಪ್ಪಣೆ ಮಾಡಿದಳು: "ನಾಳೆ ಬೆಳಗ್ಗಿಂದ ಒಂದು ತೊಟ್ಟು ನೀರು ಮುಟ್ಟಂಗಿಲ್ಲ."

ಜುಂಜಣ್ಣ ನಿಜವಾಗಿಯೂ ಮುಟ್ಟುವವನಿರಲಿಲ್ಲ. ಆದರೆ ಹತ್ತು ಗಂಟೆಗೆ ಬರಬೇಕಾದವರ ಟೆಂಪೋ ದಾರಿಯಲ್ಲಿ ಪಂಕ್ಚರ್ ಆಯಿತು. ಹತ್ತೂವರೆ ಆಯಿತು, ಹನ್ನೊಂದಾಯಿತು. ಹೊಸ ಬಿಳಿ ಅಂಗಿ ತೊಟ್ಟು, ಮಗಳಿಗೆ ಕೊಟ್ಟ ಮಾತನ್ನು ಬಾಯಿಪಾಠ ಮಾಡುತ್ತ ಅವನು ಅಂಗಳದಲ್ಲಿ ಶತಪಥ ಹಾಕುತ್ತಿದ್ದ. ಗಾಬರಿಗೆ ಗಂಟಲು ಒಣಗುತ್ತಿತ್ತು. ಫೋನಿನ ಹೆಂಗಸು ಪಾಪ ತನ್ನ ಕೆಲಸ ತಾನು ಮಾಡುತ್ತಿದ್ದಳು. ಬೇಲಿಯಾಚೆಯಿಂದ ಚಿತ್ರಲಿಂಗಪ್ಪ, "ಒಂದು ದಿನ ತಪ್ಪಿಸಿದ್ರೆ ಇಡೀ ಕೋರ್ಸ್ ಮೊದಲಿಂದ ಮಾಡ್ಬೇಕಾಗ್ತೈತೆ ಜುಂಜಣ್ಣ" ಎಂದು ಎಚ್ಚರಿಸಿದರು. ಮಧ್ಯಾಹ್ನ ಒಂದೂಕಾಲಿಗೆ ಟೆಂಪೋ ಬಂದು ನಿಲ್ಲುವ ಹೊತ್ತಿಗೆ ಜುಂಜಣ್ಣನೊಳಗೆ ಮೂರು ಲೀಟರು ತುಂಬಿತ್ತು. ಬಂದವರ ಜೊತೆ ಪಾನಕ ಕುಡಿಯುವುದು ಮರ್ಯಾದೆ. ಆ ಚೊಂಬೂ ಒಳಗೆ ಹೋಯಿತು.

ಕಂಬಳಿ ಹಾಸಿದರು. ಮುದ್ದಪ್ಪ ಬಿಳಿ ರುಮಾಲು ಸರಿಮಾಡಿಕೊಂಡು ಒಂದು ಕಡೆ ಕೂತರು, ಜುಂಜಣ್ಣ ಇನ್ನೊಂದು ಕಡೆ ಕೂತ. ಎರಡೂ ಕಡೆಗೆ ಬೇಕಾದ ಮಂಜಣ್ಣ ಎಂಬ ಹಿರಿಯರು ಮಾತು ನಡೆಸಿಕೊಡಲು ನಡುವೆ ಸ್ವಲ್ಪ ಹಿಂದೆ ಕೂತರು. ಮುದ್ದಪ್ಪನ ಅಕ್ಕ ತಿಪ್ಪಮ್ಮ ಕಂಬಕ್ಕೆ ಒರಗಿ ಎಲೆಅಡಿಕೆ ಬಿಚ್ಚಿದಳು. ದಯಾನಂದ ಅಪ್ಪನ ಬೆನ್ನ ಹಿಂದೆ ತಲೆ ತಗ್ಗಿಸಿದ್ದ. ಉಳಿದ ಹೆಂಗಸರೆಲ್ಲ ಹಿತ್ತಲ ಬಾಗಿಲಿನ ಓಣಿಯಲ್ಲಿ ತುಂಬಿಕೊಂಡಿದ್ದರು. ಮನೆಯ ಶೌಚಾಲಯಕ್ಕೆ ಹೋಗಲು ಇದ್ದ ದಾರಿ ಅದೊಂದೇ ಎನ್ನುವುದು ಜುಂಜಣ್ಣನಿಗೆ ಕೂತ ಮೇಲೆ ಹೊಳೆಯಿತು.

"ಮೊದ್ಲು ಮದ್ವೆ ಎಲ್ಲಿ ಅನ್ನೋದು ಆಗ್ಲಿ" ಎಂದರು ಮಂಜಣ್ಣ.

"ಹಿರಿಯೂರಲ್ಲಿ. ಛತ್ರ ನೋಡಿದೀನಿ" ಎಂದರು ಮುದ್ದಪ್ಪ. ಅದು ಪ್ರಸ್ತಾಪದ ದನಿಯಾಗಿರಲಿಲ್ಲ, ತೀರ್ಪಿನ ದನಿಯಾಗಿತ್ತು.

ಆಗ್ಲಿ ಬಿಡ್ರಿ ಎಂಬ ಮಾತು ಜುಂಜಣ್ಣನ ನಾಲಗೆಯ ತುದಿಗೆ ಬಂತು. ಬಾಯಿ ತೆರೆದಿದ್ದರೆ ಹೊರಗೂ ಬರುತ್ತಿತ್ತು. ಆದರೆ ಅದೇ ಕ್ಷಣಕ್ಕೆ ಮೂರು ಲೀಟರು ಮತ್ತು ಒಂದು ಚೊಂಬು ಒಟ್ಟಾಗಿ ಬಾಗಿಲು ತಟ್ಟಿದ್ದರಿಂದ ಅವನು ಹಲ್ಲು ಕಚ್ಚಿ ಹಿಡಿದ. ಮುಖ ಕೆಂಪಾಯಿತು. ಹುಬ್ಬು ಗಂಟಿಕ್ಕಿತು. ಹಾಗೇ ಸಟ್ಟನೆ ಎದ್ದು, ಯಾರ ಮುಖವನ್ನೂ ನೋಡದೆ, ಮುಂಬಾಗಿಲಿನಿಂದ ದಡದಡ ಹೊರಟುಹೋದ.

ತಿಪ್ಪಮ್ಮನ ಕೈಲಿದ್ದ ಅಡಿಕೆ ಬಾಯಿಗೆ ಹೋಗದೆ ಅರ್ಧದಲ್ಲಿ ನಿಂತಿತು.

ಜುಂಜಣ್ಣ ಚಿತ್ರಲಿಂಗಪ್ಪನ ರಾಗಿ ಹುಲ್ಲಿನ ಬಣವೆಯ ಹಿಂದೆ ಹೋಗಿ ನಿಂತು, ಉಸಿರು ವಾಪಸ್ ಬಂದ ಮೇಲೆ, ತಾನು ಮಾಡಿದ್ದೇನು ಎಂದು ಅರ್ಥವಾಗಿ ನಡುಗಿಹೋದ. ಮೊದಲ ಮಾತಿಗೇ ಕಂಬಳಿ ಬಿಟ್ಟು ಎದ್ದು ಬಂದಿದ್ದೇನೆ, ಮಗಳ ಬಾಳು ಹಾಳುಮಾಡಿದೆ ಎಂದು ಕಣ್ಣಲ್ಲಿ ನೀರು ತಂದುಕೊಂಡು, ಕಾಲು ಹಿಡಿದಾದರೂ ತಪ್ಪೊಪ್ಪಿಕೊಳ್ಳುವ ತಯಾರಿಯಲ್ಲಿ ಒಳಗೆ ಬಂದು ಕೈ ಜೋಡಿಸಿದ. ಬಾಯಿ ತೆರೆಯುವ ಮೊದಲೇ ಮಂಜಣ್ಣ ಕೈಯೆತ್ತಿ ತಡೆದರು.

"ಏನೂ ಹೇಳ್ಬ್ಯಾಡ್ರಿ. ಅರ್ಥ ಆಯ್ತು. ಕುಂತ್ಕಳ್ರಿ."

ಮುದ್ದಪ್ಪ ಮೀಸೆ ನೇವರಿಸಿದರು. "ಹೆಣ್ಣಿನ ಅಪ್ಪನಿಗೆ ತನ್ನ ಊರಲ್ಲಿ ಧಾರೆ ಎರೀಬೇಕು ಅಂತ ಇರ್ತೈತೆ. ತಪ್ಪಲ್ಲ. ಮದ್ವೆ ಇಲ್ಲೇ ಆಗ್ಲಿ."

ಜುಂಜಣ್ಣನಿಗೆ ಏನೂ ತಿಳಿಯಲಿಲ್ಲ. ಜೋಡಿಸಿದ ಕೈ ಹಾಗೇ ಇಟ್ಟುಕೊಂಡು ಕೂತ. ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ಯಲ್ಲಕ್ಕ ಮಗಳ ತೋಳು ಹಿಡಿದು, "ಇಪ್ಪತ್ತೇಳು ವರ್ಷ ಸಂಸಾರ ಮಾಡಿದೀನಿ, ಈ ಗಂಡಸನ್ನ ನಾನು ನೋಡೇ ಇಲ್ಲ" ಎಂದಳು.

ಮುಂದಿನದು ಬೀಗರ ಊಟದ ಮಾತು. ಗಂಡಿನ ಕಡೆಯವರಿಗೆ ಹನ್ನೆರಡು ಟಗರು ಕಡಿಯಬೇಕು, ಅದು ನಮ್ಮ ಮನೆತನದ ಲೆಕ್ಕ ಎಂದಳು ತಿಪ್ಪಮ್ಮ. ಮೂರು ಲೀಟರು ನೀರು ಒಂದೇ ಸಲಕ್ಕೆ ಹೋಗುವಂಥದ್ದಲ್ಲ, ಕಂತಿನಲ್ಲಿ ಹೋಗುವಂಥದ್ದು. ಜುಂಜಣ್ಣ ಮೊಣಕಾಲು ಒತ್ತಿ ಹಿಡಿದ, ತೊಲೆ ಎಣಿಸಿದ, ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ನಾಲ್ಕು ಅಮಾವಾಸ್ಯೆ ಯಾವತ್ತು ಎಂದು ಹುಡುಕಿದ. ಆಗಲಿಲ್ಲ. "ಹನ್ನೆರಡು" ಎಂದು ತಿಪ್ಪಮ್ಮ ಇನ್ನೊಂದು ಸಲ ಒತ್ತಿ ಹೇಳಿದಾಗ ಎದ್ದು ನಡೆದ.

"ಪುನಃ ಎದ್ರು" ಎಂದು ಗಂಡಿನ ಕಡೆಯ ಯಾರೋ ಪಿಸುಗುಟ್ಟಿದರು. "ಒಂದು ಮಾತಾಡಲ್ಲ ನೋಡು, ಎದ್ದು ಹೋಗೋದೇ. ಎಂಥಾ ಗಟ್ಟಿ ಆಳು."

ಅವನು ಬಣವೆಯಿಂದ ವಾಪಸ್ ಬರುವ ಹೊತ್ತಿಗೆ ಟಗರು ಆರಕ್ಕೆ ಇಳಿದಿತ್ತು, ಅದರಲ್ಲಿ ಮೂರನ್ನು ಗಂಡಿನ ಕಡೆಯವರೇ ತರುವುದಾಗಿ ಒಪ್ಪಿದ್ದರು. ಮುದ್ದಪ್ಪನ ಎಡ ಮೊಣಕಾಲು ಸಣ್ಣಗೆ ಅದುರುತ್ತಿತ್ತು. ಅದು ಸಿಟ್ಟಿನಿಂದಲೇ ಎಂದು ಜುಂಜಣ್ಣ ಹೆದರಿದ. ಅಷ್ಟರಲ್ಲಿ ಯಲ್ಲಕ್ಕ ಒಳಗಿನಿಂದ ಬಂದಳು. ಬೆಳಗ್ಗೆ ಒಂದು ತೊಟ್ಟೂ ಮುಟ್ಟಬಾರದು ಎಂದವಳು ಈಗ ಹೆಮ್ಮೆಯಿಂದ ಬೀಗುತ್ತ, ಎಲ್ಲರೆದುರು ಗಂಡನಿಗೊಂದು ದೊಡ್ಡ ಚೊಂಬು ಮಜ್ಜಿಗೆ ಹಿಡಿದಳು.

"ಕುಡೀರಿ. ಮಾತಾಡಿ ಗಂಟಲು ಒಣಗಿರ್ತೈತೆ."

ಅವನು ಆವರೆಗೆ ಒಂದು ಮಾತೂ ಆಡಿರಲಿಲ್ಲ. ಆದರೂ ಹೆಂಡತಿ ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದು ಅವನ ಜಾಯಮಾನವಲ್ಲ. ಕುಡಿದ. ಬೀಗರಿಗೂ ಒಂದು ಚೊಂಬು ಬಂತು. ಮುದ್ದಪ್ಪ ಅದನ್ನು ವಿಷದ ಹಾಗೆ ನೋಡಿ, ಮರ್ಯಾದೆಗೆ ಕುಡಿದರು.

ಇದೇ ಗತಿಯಲ್ಲಿ ಇನ್ನೊಂದು ಗಂಟೆ ನಡೆದಿದ್ದರೆ ಮುದ್ದಪ್ಪ ತಮ್ಮ ಕುರಿ ಮಂದೆಯನ್ನೇ ಬಿಟ್ಟುಕೊಟ್ಟು ಹೋಗುತ್ತಿದ್ದರೇನೋ. ಆದರೆ ಸರಿಯಾಗಿ ಎರಡು ಗಂಟೆಗೆ ಜುಂಜಣ್ಣನ ಹೊಸ ಅಂಗಿಯ ಜೇಬಿನಿಂದ ಒಬ್ಬ ಹೆಂಗಸು, "ನೀರು ಕುಡಿಯುವ ಸಮಯವಾಗಿದೆ" ಎಂದು ಪಡಸಾಲೆ ತುಂಬ ಕೂಗಿದಳು.

"ಯಾರದು?" ಎಂದಳು ತಿಪ್ಪಮ್ಮ.

ಜುಂಜಣ್ಣ ಜೇಬನ್ನು ಹಿಸುಕಿದ. ಹೆಂಗಸು ಇನ್ನೊಂದು ಸಲ ಕೂಗಿದಳು. ಆಗ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಚಿತ್ರಲಿಂಗಪ್ಪ, ಇಷ್ಟು ಹೊತ್ತೂ ತಮಗೊಂದು ಮಾತಾಡುವ ಅವಕಾಶ ಸಿಗದೆ ಚಡಪಡಿಸುತ್ತಿದ್ದವರು, ಎದ್ದು ನಿಂತು ಸಭೆಗೆ ವಿವರಿಸಿದರು.

"ಗಾಬರಿ ಬ್ಯಾಡ. ನಾನೇ ಹಾಕ್ಕೊಟ್ಟಿದ್ದು. ದಿನಕ್ಕೆ ಐದು ಲೀಟರ್, ಗಂಟೆಗೆ ಇಷ್ಟು ಅಂತ. ಇವತ್ತು ಬೆಳಗ್ಗಿಂದ ಮೂರು ಆಗೈತೆ, ನಾನು ಬೇಲಿ ಹತ್ರ ನಿಂತು ನೋಡ್ಕಂಡಿದೀನಿ. ಅದಕ್ಕೇ ಅವ್ರು ಎದ್ದೆದ್ದು ಹೋಗ್ತಿರೋದು, ನಮ್ಮ ಬಣವೆ ಹಿಂದಕ್ಕೆ. ಎರಡು ಸಲಾನೂ ಅಲ್ಲಿಗೇ ಹೋದ್ರು. ಒಳ್ಳೇ ಲಕ್ಷಣ."

ಮೊದಲು ನಕ್ಕವಳು ತಿಪ್ಪಮ್ಮ. ಆಮೇಲೆ ಹಿತ್ತಲ ಓಣಿಯ ಹೆಂಗಸರು. ಆಮೇಲೆ ಇಡೀ ಪಡಸಾಲೆ. ಒಬ್ಬ ಕಂಬ ತಬ್ಬಿಕೊಂಡು ನಕ್ಕ, ಇನ್ನೊಬ್ಬನಿಗೆ ಕೆಮ್ಮು ಹತ್ತಿ ಬೆನ್ನು ಗುದ್ದಬೇಕಾಯಿತು. ಯಲ್ಲಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ನಗದೇ ಇದ್ದವರು ಇಬ್ಬರೇ: ಜುಂಜಣ್ಣ ಮತ್ತು ಮುದ್ದಪ್ಪ.

ಮಂಜಣ್ಣ ಕಣ್ಣೊರೆಸಿಕೊಂಡು ನ್ಯಾಯ ಹೇಳಿದರು. ದೇಹಬಾಧೆಗೆ ಎದ್ದದ್ದು ಕಂಬಳಿ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಮದುವೆ ಹಿರಿಯೂರಿಗೆ ವಾಪಸ್ ಹೋಯಿತು, ಟಗರು ಹನ್ನೆರಡಕ್ಕೆ ವಾಪಸ್ ಬಂತು. "ಇನ್ಮೇಲೆ ನಿಮಗೆ ಯಾವಾಗ ಬೇಕೋ ಆಗ ಎದ್ದು ಹೋಗ್ ಬರ್ರಿ ಜುಂಜಣ್ಣ. ನಾವು ಏನೂ ಅಂದ್ಕಳಲ್ಲ."

"ಆಗ್ಲಿ ಬಿಡ್ರಿ" ಎಂದ ಜುಂಜಣ್ಣ. ಆ ದಿನ ಅವನು ಕಂಬಳಿಯ ಮೇಲೆ ಆಡಿದ ಮೊದಲ ಮಾತು ಅದು. ಅಡಿಗೆಮನೆಯ ಸಂದಿಯಲ್ಲಿದ್ದ ಕಾವ್ಯಶ್ರೀ ಅದನ್ನು ಕೇಳಿ ಕಣ್ಣು ಮುಚ್ಚಿದಳು.

ಆಮೇಲೂ ಅವನು ಒಂದು ಸಲ ಹೋಗಿ ಬಂದ. ಈಗ ಯಾರೂ ತಲೆ ಎತ್ತಿ ನೋಡಲಿಲ್ಲ. ಅವನಿಲ್ಲದೆಯೇ ಮುಹೂರ್ತದ ಮಾತು ನಡೆದು ಮುಗಿದಿತ್ತು. ಹಗುರಾಗಿ ಬಂದು ಕೂತಾಗ ತಿಪ್ಪಮ್ಮ ಎಲೆಗೆ ಸುಣ್ಣ ಹಚ್ಚುತ್ತ, ಅದೊಂದು ದೊಡ್ಡ ವಿಷಯವೇ ಅಲ್ಲ ಎನ್ನುವ ಹಾಗೆ ಹೇಳಿದಳು: "ಕೊನೇದು ಒಂದೈತೆ. ಹುಡುಗಿ ಕೆಲ್ಸ ಬಿಡ್ಬೇಕು. ನಮ್ಮ ಸೊಸೆ ದಿನಾ ಬಸ್ ಹತ್ತಿ ಹೋಗಿ ಯಾರ್ಯಾರ್ದೋ ರಕ್ತ ಮೂತ್ರ ಮುಟ್ಟೋದು ಚಂದಲ್ಲ. ಅಲ್ವೇನಪ್ಪ ಮುದ್ದ?"

ಮುದ್ದಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ದಯಾನಂದ ತಲೆಯನ್ನು ಇನ್ನೂ ಕೆಳಗೆ ಬಗ್ಗಿಸಿದ. ಮಂಜಣ್ಣ ವೀಳ್ಯದ ತಟ್ಟೆಗೆ ಕೈ ಹಾಕಿ, "ಅದಕ್ಕೇನು, ಜುಂಜಣ್ಣ ಒಪ್ಕಂತಾರೆ" ಎಂದರು.

ಜುಂಜಣ್ಣ ಅಡಿಗೆಮನೆಯ ಬಾಗಿಲ ಕಡೆ ನೋಡಿದ. ಬಾಗಿಲ ಸಂದಿಯಲ್ಲಿ ಮಗಳ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಅದು ತುಂಬಿತ್ತು. ಅವನ ನಾಲಗೆಯ ಮೇಲೆ ಆ ಹಳೆಯ ಮಾತು ಬಂದು ಕೂತೇ ಇತ್ತು. ಈ ಸಲ ಒಳಗೆ ಯಾವ ಒತ್ತಡವೂ ಇರಲಿಲ್ಲ, ಹಲ್ಲು ಕಚ್ಚಿಸುವುದಕ್ಕೆ ಯಾವ ನೀರೂ ಇರಲಿಲ್ಲ. ಜುಂಜಣ್ಣ ಆ ಮಾತನ್ನು ತಾನೇ ನುಂಗಿದ. ಆಮೇಲೆ ಕಂಬಳಿಯ ಮೇಲೆ ಕೈಯೂರಿ ನಿಧಾನಕ್ಕೆ ಎದ್ದು ನಿಂತ.

"ಹೋಗ್ ಬರ್ರಿ, ಹೋಗ್ ಬರ್ರಿ" ಎಂದರು ಮಂಜಣ್ಣ. ಪಡಸಾಲೆಯಲ್ಲಿ ಪುನಃ ನಗೆ ಎದ್ದಿತು. ಯಾರೋ ಅವನ ಚಪ್ಪಲಿಯನ್ನು ಬಾಗಿಲಿಗೆ ಮುಖಮಾಡಿ ಜೋಡಿಸಿಟ್ಟರು.

ಜುಂಜಣ್ಣ ಹೋಗಲಿಲ್ಲ. ನಿಂತೇ ಇದ್ದ. ನಗು ಒಬ್ಬೊಬ್ಬರಿಂದ ಇಳಿಯುತ್ತ ಬಂತು.

"ಈ ಸಲ ಅದಕ್ಕಲ್ಲ" ಎಂದ ಜುಂಜಣ್ಣ.

ಮಂಜಣ್ಣನ ಕಡೆ ತಿರುಗಿದ. "ನನ್ನ ಮಗಳು ಕೆಲ್ಸ ಬಿಡಲ್ಲ. ಮದ್ವೆ ಎಲ್ಲಾದ್ರೂ ಮಾಡ್ರಿ, ಹಿರಿಯೂರಲ್ಲೇ ಮಾಡ್ರಿ. ಹನ್ನೆರಡಲ್ಲ, ಹದಿನೈದು ಟಗರು ಕಡೀರಿ. ಅದಕ್ಕೆ ನಾನು ಎದ್ದಿರ್ಲಿಲ್ಲ. ಇದಕ್ಕೆ ಎದ್ದಿದೀನಿ. ಲೆಕ್ಕಕ್ಕೆ ಹಿಡೀರಿ."

ಮಂಜಣ್ಣನ ಕೈ ವೀಳ್ಯದ ತಟ್ಟೆಯಿಂದ ವಾಪಸ್ ಬಂತು. ತಿಪ್ಪಮ್ಮ, "ಇದೇನ್ರಿ ಇದು" ಎಂದು ತಮ್ಮನ ಮುಖ ನೋಡಿದಳು. ಎಲ್ಲರೂ ಮುದ್ದಪ್ಪನ ಮುಖ ನೋಡಿದರು. ಮುದ್ದಪ್ಪನ ಮುಖದಲ್ಲಿ ಬೆವರು ಹನಿಯುತ್ತಿತ್ತು, ಎರಡು ಮೊಣಕಾಲೂ ಈಗ ಎದ್ದು ಕಾಣುವ ಹಾಗೆ ಅದುರುತ್ತಿದ್ದವು. ಅವರು ಒಂದು ನಿಟ್ಟುಸಿರು ಬಿಟ್ಟು, ದಯಾನಂದನ ಹೆಗಲ ಮೇಲೆ ಕೈ ಊರಿ, ಕಂಬಳಿಯಿಂದ ಎದ್ದರು. ಚೇಳಿಗೂ ಏಳದ ಮನುಷ್ಯ. ಎದ್ದವರು ಒಂದು ಮಾತೂ ಆಡದೆ ಮುಂಬಾಗಿಲು ದಾಟಿದರು.

ಎರಡೂ ಕಡೆಯವರು ಎದ್ದರೆಂದರೆ ಅಲ್ಲಿಗೆ ಮುಗಿಯಿತು. ದಯಾನಂದ ತಲೆ ಮೇಲೆ ಕೈ ಹೊತ್ತು ಕೂತ. ಜುಂಜಣ್ಣ ಬರಿಗಾಲಲ್ಲೇ ಬೀಗರ ಹಿಂದೆ ಓಡಿದ.

ಅಂಗಳದ ತುದಿಯಲ್ಲಿ ಮುದ್ದಪ್ಪ ನಿಂತಿದ್ದರು. ತಿರುಗಿ ನೋಡದೆ, ತಗ್ಗಿದ ದನಿಯಲ್ಲಿ ಕೇಳಿದರು: "ಎಲ್ರೀ ಐತೆ ಆ ಬಣವೆ?"

ಜುಂಜಣ್ಣ ತೋರಿಸಿದ. ಇಬ್ಬರೂ ಬಣವೆಯ ಹಿಂದೆ, ನಾಲ್ಕು ಮಾರು ದೂರ ಬಿಟ್ಟು, ಹೊಲದ ಕಡೆ ಮುಖ ಮಾಡಿ ನಿಂತರು. ಬಹಳ ಹೊತ್ತಿನ ಮೇಲೆ ಮುದ್ದಪ್ಪ ಮಾತಾಡಿದರು.

"ನನಗೂ ಒಬ್ಬ ಡಾಕ್ಟ್ರು ಹೇಳಿದ, ನೀರು ಜಾಸ್ತಿ ಕುಡಿ ಅಂತ. ಟೆಂಪೋ ಪಂಕ್ಚರ್ ಆದಾಗಿನಿಂದ ಹಿಡ್ಕಂಡು ಕುಂತಿದೀನಿ. ನೀವು ಎದ್ದೆದ್ದು ಹೋಗೋದು ನೋಡಿ ಎಂಥಾ ಹೊಟ್ಟೆಕಿಚ್ಚು ಆಯ್ತು ಗೊತ್ತೇನ್ರಿ?"

"ಎಷ್ಟು ಕುಡಿ ಅಂದ್ರು?" ಎಂದ ಜುಂಜಣ್ಣ.

"ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ." ಮುದ್ದಪ್ಪ ಪಂಚೆ ಸರಿಮಾಡಿಕೊಂಡರು. "ನನ್ನೆದುರು ಕಂಬಳಿಯಿಂದ ಎದ್ದು ನಿಂತು ಮಾತಾಡಿದೋರು ನೀವೇ ಮೊದ್ಲು. ಬರ್ರಿ, ಹೋಗಾಣ."

ಒಳಗೆ ಟೆಂಪೋ ಡ್ರೈವರನ್ನು ಹುಡುಕುವ ಗದ್ದಲ ನಡೆದಿತ್ತು. ಬೀಗರಿಬ್ಬರೂ ಜೊತೆಯಾಗಿ ಬಂದು, ಜೊತೆಯಾಗಿ ಕಂಬಳಿಯ ಮೇಲೆ ಕೂತದ್ದನ್ನು ಕಂಡು ಗದ್ದಲ ನಿಂತಿತು. ಮುದ್ದಪ್ಪ, "ನಾನು ಎದ್ದಿದ್ದು ಅದಕ್ಕೇ. ಲೆಕ್ಕಕ್ಕಿಲ್ಲ" ಎಂದು ಮಂಜಣ್ಣನಿಗೆ ಹೇಳಿ, ಹುಡುಗಿಯನ್ನು ಕರೆಸಿದರು. ಕಾವ್ಯಶ್ರೀ ಬಂದು ಕಂಬಳಿಯ ಅಂಚಿನಲ್ಲಿ ನಿಂತಳು.

"ನೀನು ಲ್ಯಾಬಲ್ಲಿ ಇರೋಳಲ್ವೇನವ್ವ? ನಮಗೆ ಇಬ್ರಿಗೂ ಹೇಳು. ನೀರು ಜಾಸ್ತಿ ಕುಡೀಬೇಕು ಅಂದ್ರೆ ಎಷ್ಟು?"

"ಎರಡೂವರೆ ಲೀಟರ್" ಎಂದಳು ಕಾವ್ಯಶ್ರೀ. "ಬಿಸ್ಲಲ್ಲಿ ಓಡಾಡಿದ ದಿನ ಮೂರು. ಅಪ್ಪ ಊರ್ನೆಲ್ಲ ಕೇಳಿತು, ನನ್ನೊಬ್ಳನ್ನ ಕೇಳ್ಲಿಲ್ಲ." ಆಮೇಲೆ ಮುದ್ದಪ್ಪನ ಮೊಣಕಾಲು ನೋಡಿದಳು. "ನೀವು ಎಷ್ಟು ಕುಡಿದ್ರಿ ಬೆಳಗ್ಗಿಂದ?"

"ಇಲ್ಲಿ ಕುಡಿದಿದ್ದೂ ಸೇರಿ ಮೂರು ಚೊಂಬು ಇರ್ಬೇಕು."

"ಮೂರು ಚೊಂಬಿಗೆ ಇಷ್ಟೊಂದು ಅವಸರ ಆಗ್ಬಾರ್ದು. ಶುಗರ್ ನೋಡ್ಬೇಕು. ಸೋಮವಾರ ಬರೀ ಹೊಟ್ಟೇಲಿ ಲ್ಯಾಬಿಗೆ ಬರ್ರಿ, ನಾನೇ ಟೆಸ್ಟ್ ಮಾಡ್ತೀನಿ. ಮೂರು ತಿಂಗ್ಳಿಗೆ ಇನ್ನೊಂದು ಸಲ ನೋಡ್ಬೇಕಾಗ್ತೈತೆ."

"ಮೂರು ತಿಂಗ್ಳಿಗೆ ಅಂದ್ರೆ ಮದ್ವೆ ಆಗಿರ್ತೈತೆ" ಎಂದಳು ತಿಪ್ಪಮ್ಮ.

"ಹೌದು. ಆಗ್ಲೂ ಅಲ್ಲೇ ಇರ್ತೀನಿ" ಎಂದಳು ಕಾವ್ಯಶ್ರೀ.

ಮುದ್ದಪ್ಪ ಹುಡುಗಿಯನ್ನು ನೋಡಿದರು. ಅವಳ ಅಪ್ಪನನ್ನು ನೋಡಿದರು. ಅಪ್ಪ ಕಂಬಳಿಯ ಮೇಲೆ ಒಂದು ಕೈ ಊರಿಕೊಂಡು, ಬೇಕಾದರೆ ಇನ್ನೊಂದು ಸಲ ಏಳಲು ತಯಾರಾಗಿ ಕೂತಿದ್ದ.

ಮುದ್ದಪ್ಪ ವೀಳ್ಯದ ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿದರು.

"ಆಗ್ಲಿ ಬಿಡ್ರಿ" ಎಂದರು.